ಡ್ರೈಯರಿಗೆ ಪಾರಿವಾಳದ ಸಲಹೆ

ಹೆರಿಗೆ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಇತ್ತು. ಅದರ ಬಿಸಿಗಾಳಿ ಹೊರಹೋಗುವ ಕೊಳವೆಯ ಬಾಯಿ ಬೆಚ್ಚಗಿದೆಯೆಂದು ಪಾರಿವಾಳವೊಂದು ಅಲ್ಲಿ ಕಡ್ಡಿ ಕಸ ತುಂಬಿ ಗೂಡು ಕಟ್ಟಿತು. ಗೂಡು ಮುಗಿದ ದಿನವೇ ಡ್ರೈಯರ್ ಬಿಸಿಯಾಗುವುದು ನಿಂತಿತು. ಡ್ರಮ್ಮು ತಿರುಗುತ್ತಿತ್ತು, ಬಟ್ಟೆ ಮಾತ್ರ ಹಸಿಯಾಗಿಯೇ ಹೊರಬರುತ್ತಿತ್ತು.

ಪಾರಿವಾಳ ಕೆಳಗಿಳಿದು ಬಂದು ಗದರಿತು: "ಏನಯ್ಯಾ, ನಿನ್ನನ್ನು ನಂಬಿ ಮನೆ ಕಟ್ಟಿದೆ. ಹೀಗೆ ತಣ್ಣಗೆ ಕೂತರೆ ಹೇಗೆ?"

"ಉಸಿರು ಕಟ್ಟಿತಮ್ಮಾ. ಶಾಖ ಹೊರಹೋಗಲಾಗದೆ ಒಳಗಿನ ಫ್ಯೂಸ್ ಸುಟ್ಟುಹೋಯಿತು," ಎಂದಿತು ಡ್ರೈಯರ್.

"ಅದೆಲ್ಲ ನೆಪ. ನಿನಗೆ ವಯಸ್ಸಾಯಿತು. ಹೀಟರನ್ನೇ ಬದಲಾಯಿಸಿಕೋ."

ಅಷ್ಟರಲ್ಲಿ ಬಟ್ಟೆ ಒಗೆಯುವ ಸೆವ್ರಿನ್ ಬಾಯಿ ಮೆಕ್ಯಾನಿಕ್ ದೂಮಪ್ಪನನ್ನು ಕರೆತಂದಳು. "ಬೇಗ ನೋಡಿ ಮಾರಾಯ್ರೆ, ಹನ್ನೊಂದು ಹಸುಗೂಸುಗಳಿಗೆ ಸುತ್ತಲು ಒಂದು ಒಣಬಟ್ಟೆಯಿಲ್ಲ," ಎಂದಳು.

ದೂಮಪ್ಪ ಪ್ಲಗ್ ಕಿತ್ತು ಹೀಟರ್ ಪರೀಕ್ಷಿಸಿದ. ಅದು ಸರಿಯಾಗಿಯೇ ಇತ್ತು. ಸುಟ್ಟ ಫ್ಯೂಸ್ ತೆಗೆದು ಹೊಸದು ಹಾಕಿದ. ಅದು ಸುಟ್ಟದ್ದೇಕೆಂದು ಹುಡುಕುತ್ತ ಕೊಳವೆಗೆ ಕೈಹಾಕಿದಾಗ ಖಾಲಿ ಗೂಡು ಸಿಕ್ಕಿತು. ಅದನ್ನು ಎಳೆದುಹಾಕಿ ಸ್ವಿಚ್ ಒತ್ತಿದ. ಡ್ರೈಯರ್ ನಿಡಿದಾಗಿ ಉಸಿರುಬಿಟ್ಟಿತು. ಅರ್ಧ ಗಂಟೆಯಲ್ಲಿ ಸೆವ್ರಿನ್ ಬಾಯಿ ಬಿಸಿಬಿಸಿ ಬಟ್ಟೆಗಳನ್ನು ಎದೆಗವಚಿಕೊಂಡು ವಾರ್ಡಿಗೆ ಓಡಿದಳು.

ಪಾರಿವಾಳ ಹಾರಿಹೋಗಿ ಪಕ್ಕದ ಗೋಡೆಯ ಎಸಿ ಪೆಟ್ಟಿಗೆಯ ಮೇಲೆ ಕೂತು ಅದಕ್ಕೆ ಹೇಳಿತು: "ನಾನು ಗದರದಿದ್ದರೆ ಆ ಡ್ರೈಯರ್ ಇವತ್ತಿಗೂ ರಿಪೇರಿಯಾಗುತ್ತಿರಲಿಲ್ಲ. ಅಂದಹಾಗೆ, ನಿನ್ನ ಹಿಂಬದಿಯಲ್ಲಿ ಜಾಗ ಎಷ್ಟಿದೆ?"