ಮಂಕಾದ ಗೀಟುಗಳು

“ಕೇಳ್ರಪ್ಪೋ ಕೇಳಿ! ಚಿತ್ರಗಿರಿಯ ಮಹಾರಾಣಿಯವರು ತಮ್ಮ ಹಾಡಿನ ಪೆಟ್ಟಿಗೆಯ ಮುಚ್ಚಳದೊಳಗೆ ಮೂರು ಒಗಟು ಬರೆದಿಟ್ಟು ಸ್ವರ್ಗಸ್ಥರಾಗಿ ಹದಿನೈದು ವರ್ಷವಾಯಿತು. ಮೂರನ್ನೂ ಬಿಡಿಸಿ ಪೆಟ್ಟಿಗೆಯ ಗಾಜಿನ ಕಣ್ಣು ಬೆಳಗಿಸಿದವನಿಗೆ ಅರ್ಧ ರಾಜ್ಯ. ರಾಜಕುಮಾರಿ ಒಪ್ಪಿದರೆ ಮದುವೆ. ತಪ್ಪಿದವನ ತಲೆ ಅಮಾವಾಸ್ಯೆಯ ದಿನ ಕೋಟೆ ಬಾಗಿಲಲ್ಲಿ!”

ಡಂಗುರದವನು ಸಾರಿ ಮುಂದಿನ ಬೀದಿಗೆ ಹೋದ. ಅರಮನೆಯ ಹಿಂಗೋಡೆಗೆ ಆತುಕೊಂಡಿದ್ದ ಗುಜರಿ ಅಂಗಡಿಯಲ್ಲಿ ಲಕ್ಕ ಇಕ್ಕಳ ಕೆಳಗಿಟ್ಟು ಮೇಲಿನ ಕಿಟಕಿ ನೋಡಿದ.

ಚಿಕ್ಕಂದಿನಲ್ಲಿ ಗೋಣಿಚೀಲದ ಮೇಲೆ ಮಲಗಿ ಅವನು ನೋಡುತ್ತಿದ್ದುದು ಅದೇ ಕಿಟಕಿ. ಅಲ್ಲಿ ನೀಲಿಯೂ ಅಲ್ಲದ, ಹಸಿರೂ ಅಲ್ಲದ ಒಂದು ತಂಪು ಬೆಳಕು ಇರುತ್ತಿತ್ತು. ರಾಣಿ ತೀರಿಕೊಂಡ ವಾರ ಅದು ಆರಿತು. ಅಂದಿನಿಂದ ಹಳೆಯ ತಕ್ಕಡಿ, ಗಡಿಯಾರ, ಮೀಟರು ಏನು ಬಂದರೂ ಊರವರು ತಾಮ್ರ ಹಿತ್ತಾಳೆ ಕಿತ್ತುಕೊಂಡರೆ ಲಕ್ಕ ಅಂಕಿ ಬರುವ ಗಾಜಿನ ತುಂಡುಗಳನ್ನು ಎತ್ತಿಟ್ಟುಕೊಂಡ. ಒಂದೊಂದನ್ನೂ ಬೆಳಗಿಸಿದ. ಬಣ್ಣವೇನೋ ಅದೇ ಬಣ್ಣ. ಆದರೆ ಯಾವುದೂ ಆ ಕಿಟಕಿಯಾಗಲಿಲ್ಲ.

ಒಳಗೆ ರಾಜಕುಮಾರಿ ಮಲ್ಲಲದೇವಿಯ ಕೊರಗೇ ಬೇರೆ. ಆ ಕಿಟಕಿಯಲ್ಲಿರುತ್ತಿದ್ದ ಹಾಡಿನ ಪೆಟ್ಟಿಗೆಯಲ್ಲಿ ತೊಂಬತ್ತೊಂಬತ್ತು ಹಾಡು. ಅಮ್ಮ ಅವುಗಳಲ್ಲಿ ಒಂದನ್ನೇ ದಿನವೂ ತಿರುಗಿಸಿ ತಿರುಗಿಸಿ ಹಾಕಿ ಅವಳನ್ನು ಮಲಗಿಸುತ್ತಿದ್ದಳು. ಪೆಟ್ಟಿಗೆ ಈಗಲೂ ಹಾಡುತ್ತಿತ್ತು, ಹಾಡಿನ ಅಂಕಿ ತೋರಿಸುವ ಗಾಜು ಮಾತ್ರ ಕುರುಡಾಗಿತ್ತು. ಅಮ್ಮ ತೀರಿಕೊಂಡಾಗ ಅವಳಿಗೆ ಐದು ವರ್ಷ. ಈಗ ತೊಂಬತ್ತೊಂಬತ್ತನ್ನೂ ಕೇಳಿದರೆ ಒಂದು ದಿನ ಎಲ್ಲವೂ ಅದೇ ಅನ್ನಿಸುತ್ತಿತ್ತು, ಇನ್ನೊಂದು ದಿನ ಯಾವುದೂ ಅಲ್ಲ. ಅಮ್ಮನೋ, ಯಾವುದನ್ನೂ ನೇರವಾಗಿ ಹೇಳಿದವಳೇ ಅಲ್ಲ. ಉಪ್ಪು ಬೇಕಾದರೂ ಒಗಟು ಹಾಕುವ ಹೆಂಗಸು.

ಮರುದಿನ ಲಕ್ಕ ಒಂದು ಚೀಲ ಹೊತ್ತು ಸಭೆಗೆ ಹೋದಾಗ ಇಬ್ಬರು ರಾಜಕುಮಾರರು ಅವನಿಗಿಂತ ಮುಂದಿದ್ದರು. ಮಲ್ಲಲದೇವಿ ಮುಚ್ಚಳ ನೋಡಿ ಓದಿದಳು: “ಒಳಗೇ ಕಾಯುತ್ತಾನೆ, ಅವನಿಲ್ಲದೆ ಮನೆಗೆ ಬೆಳಕಿಲ್ಲ. ಕಣ್ಣಿಗೆ ಬಿದ್ದನೋ, ಸತ್ತ. ಯಾರವನು?”

“ಹೊಟ್ಟೆಕಿಚ್ಚು,” ಎಂದ ಮೂಡಲ ಸೀಮೆಯವನು.

“ಗಾಜಿಗೆ ಹೊಟ್ಟೆ ಎಲ್ಲಿಂದ ಬಂತು?” ಎಂದು ರಾಜ ಅವನನ್ನು ಸೆರೆಗೆ ಕಳಿಸಿದ.

ಪಡುವಲ ಸೀಮೆಯವನು ಬುದ್ಧಿವಂತ. ಗಾಜಿನೊಳಗೆ ಕೂದಲಿಗಿಂತ ಸಣ್ಣ ನೂಲನ್ನು ಕಂಡುಹಿಡಿದ. “ಇದು ದೀಪದ ನೂಲು. ಉರಿಯಲಿ,” ಎಂದು ಅದಕ್ಕೆ ಸೆಲ್ಲಿನ ಮೇಲೆ ಸೆಲ್ಲು ಸೇರಿಸಿದ. ನೂಲು ಕೆಂಪಗಾಯಿತು. ಅಂಕಿ ಮಾತ್ರ ಮೂಡಲಿಲ್ಲ. ಅವನು ಇನ್ನೊಂದು ಸೆಲ್ಲಿಗೆ ಕೈಹಾಕಿದ.

“ಬಿಡ್ರೀ! ಸಾಯ್ತದೆ ಅದು!” ಲಕ್ಕ ಕೂಗಿಕೊಂಡ. ಮಲ್ಲಲದೇವಿ ತಂತಿಯನ್ನು ಕಿತ್ತೆಳೆದಳು. ಅಮ್ಮನ ಗಾಜು ಇದ್ದದ್ದು ಅದೊಂದೇ.

“ನೀನು ಯಾರು?” ಎಂದ ರಾಜ.

“ಗುಜರಿ ಲಕ್ಕ, ಬುದ್ಧಿ. ಮೊದಲನೇ ಒಗಟು ಈ ನೂಲೇ. ಬಲ್ಬಿನ ನೂಲಿನ ಹಂಗೆ ಇದು ಉರೀಬಾರದು. ಬೆಚ್ಚಗೆ ಕಾದ್ರೆ ಸಾಕು. ಕೆಂಪಗೆ ಕಂಡ್ರೆ ಆಯಸ್ಸು ಮುಗೀತು ಅಂತ.”

ರಾಜಕುಮಾರಿ ಎರಡನೆಯದನ್ನು ಓದಿದಳು: “ಇಬ್ಬರು ಅಕ್ಕತಂಗಿಯರು. ಒಬ್ಬಳು ಎದ್ದರೆ ಇನ್ನೊಬ್ಬಳು ಮಲಗುತ್ತಾಳೆ. ಆದರೂ ಅವರು ಮಲಗಿದ್ದನ್ನು ಕಂಡವರಿಲ್ಲ.”

“ಸೂರ್ಯ, ಚಂದ್ರ,” ಎಂದ ಪಡುವಲದವನು, ಯಾರೂ ಕೇಳದಿದ್ದರೂ. ಅವನನ್ನೂ ಸೆರೆಗೆ ಕಳಿಸಿದರು.

ಲಕ್ಕ ಪರದೆ ಎಳೆಸಿದ. ನೂಲಿಗೆ ಒಂದೇ ಸೆಲ್ಲು ಕೊಟ್ಟ. ಒಂದೊಂದು ಅಂಕಿಯನ್ನೂ ಮೂಡಿಸುವ ಏಳೇಳು ಸಣ್ಣ ಗೀಟುಗಳಿಗೂ ಅವುಗಳ ಮುಂದಿನ ತಂತಿಯ ಜಾಲರಿಗೂ ಇಪ್ಪತ್ತು ಸೆಲ್ಲು ಸಾಲಾಗಿ ಕಟ್ಟಿ, ನಡುವೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕರೆಂಟು ಹರಿಸಲು ತಾನು ಮಾಡಿದ ಕೈಚಕ್ರ ಇಟ್ಟ. ಮೆಲ್ಲಗೆ ತಿರುಗಿಸಿದಾಗ ಎಡಗಡೆ ಒಂದು ಅಂಕಿ ಬೆಳಗಿ ಆರಿತು, ಬಲಗಡೆ ಒಂದು ಬೆಳಗಿ ಆರಿತು. ಜೋರಾಗಿ ತಿರುಗಿಸಿದ. ಎರಡೂ ಒಟ್ಟಿಗೆ ನಿಂತವು.

“ಇವರೇ ಅಕ್ಕತಂಗೀರು, ಅಮ್ಮಣ್ಣಿ. ನಮ್ಮ ಕಣ್ಣು ನಿಧಾನ, ಅಷ್ಟೇ.”

ಆ ನೀಲಿ ಹಸಿರು ಬೆಳಕು ಮಲ್ಲಲದೇವಿಯ ಮುಖದ ಮೇಲೆ ಬಿತ್ತು. ಲಕ್ಕ ಹೊರಗಿಂದ ನೋಡಿದ್ದನ್ನು ಇಂದು ಒಳಗಿಂದ ನೋಡುತ್ತಿದ್ದ.

ಮೂರನೆಯದನ್ನು ಓದುವಾಗ ಅವಳ ದನಿ ಸಣ್ಣದಾಯಿತು: “ಹೆಚ್ಚು ದುಡಿದವರು ಮಂಕು, ದುಡಿಯದವರು ಹೊಸಬರು. ಎಲ್ಲರನ್ನೂ ಒಟ್ಟಿಗೆ ಕರೆ, ಮಗಳೇ. ಮಂಕಾದವರು ನಿನಗೆ ಬೇಕಾದ್ದನ್ನು ಹೇಳುತ್ತಾರೆ.”

ತಪ್ಪಿದರೆ ಲಕ್ಕನ ತಲೆಯೂ ಉಳಿಯುವುದಿಲ್ಲ. ಚಕ್ರ ತಿರುಗಿಸುತ್ತಲೇ ಗಾಜನ್ನೇ ನೋಡಿದ. ಎಲ್ಲ ಗೀಟೂ ಬೆಳಗಿ ಎಂಬತ್ತೆಂಟು ಕಾಣುತ್ತಿತ್ತು. ಆದರೆ ಗೀಟುಗಳ ಹೊಳಪು ಒಂದೇ ಸಮ ಇರಲಿಲ್ಲ. ಅವನ ಅಂಗಡಿಗೆ ಬರುವ ತಕ್ಕಡಿಗಳಲ್ಲೂ ಹೀಗೆಯೇ: ದಿನವಿಡೀ ಸೊನ್ನೆ ತೋರಿಸಿ ತೋರಿಸಿ ಸೊನ್ನೆಯ ಗೀಟುಗಳು ಸವೆದಿರುತ್ತಿದ್ದವು.

“ಅಮ್ಮಣ್ಣಿ, ಹೊಳೆಯೋದನ್ನ ಬಿಡಿ. ಮಂಕಾಗಿರೋದನ್ನಷ್ಟೇ ಓದಿ. ವರ್ಷಗಟ್ಟಲೆ ಉರಿದು ಸವೆದ ಗೀಟುಗಳು ಅವು. ನಿಮ್ಮನ್ನ ಮಲಗಿಸುವಾಗ ಗಾಜು ತೋರಿಸ್ತಿದ್ದ ಅಂಕಿ.”

ಅವಳು ಹತ್ತಿರ ಬಗ್ಗಿದಳು. “ನಾಲ್ಕು... ಏಳು.”

ರಾಜನೇ ಎದ್ದು ಬಂದು ನಲವತ್ತೇಳನೆಯ ಹಾಡು ಹಾಕಿದ. ರಾಗಿ ಬೀಸುವ ಹೆಂಗಸೊಬ್ಬಳ ಸಾದಾ ಹಾಡು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಲ್ಲಲದೇವಿಯ ತಲೆ ತಾನಾಗಿ ಬಲಕ್ಕೆ ವಾಲಿತು, ಅಲ್ಲೊಂದು ಭುಜ ಇರುವ ಹಾಗೆ. ಭುಜ ಇರಲಿಲ್ಲ. “ಇದೇ,” ಎಂದು ಅತ್ತಳು. ರಾಜ ಮುಖ ತಿರುಗಿಸಿಕೊಂಡ.

ಹಾಡು ಮುಗಿದ ಮೇಲೆ ಅವನು ಲಕ್ಕನಿಗೆ, “ಅರ್ಧ ರಾಜ್ಯ ನಿನ್ನದು. ಬೇರೇನು ಬೇಕು, ಕೇಳು,” ಎಂದ.

“ಆ ಇಬ್ಬರನ್ನ ಬಿಟ್ಟುಬಿಡಿ, ಬುದ್ಧಿ. ಗೊತ್ತಿಲ್ದೆ ಮಾಡಿದ್ರು. ಆಮೇಲೆ, ಪೆಟ್ಟಿಗೇನ ನಮ್ಮ ಅಂಗಡಿಗೆ ಕಾಣೋ ಆ ಹಿಂದಿನ ಕಿಟಕೀಲೇ ಇಡಿ. ಪರದೆ ಹಾಕಬೇಡಿ.”

ಮಲ್ಲಲದೇವಿ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. “ನೀನೂ ನೋಡ್ತಿದ್ದೆಯಾ? ಹಾಡು ಕೇಳಿಸ್ತಿತ್ತಾ ಅಲ್ಲಿಗೆ?”

“ಇಲ್ಲ, ಅಮ್ಮಣ್ಣಿ. ಬೆಳಕು ಮಾತ್ರ.”

ಮುಂದೆ ರಾಜ್ಯ ಅಳೆದುಕೊಟ್ಟರು, ರಾಜಕುಮಾರಿ ಒಪ್ಪಿ ಮದುವೆಯೂ ಆಯಿತು. ಕತೆ ಹೇಳುವವರು ಅಷ್ಟನ್ನು ಕೊಡಲೇಬೇಕು. ಆದರೆ ಆ ದಿನ ಅವಳು ಕೊಟ್ಟದ್ದು ಬೇರೆ. ತಾನು ಕೂತಿದ್ದ ಚಾಪೆಯಲ್ಲಿ ಸ್ವಲ್ಪ ಸರಿದು, ಹಾಡನ್ನು ಮೊದಲಿನಿಂದ ಹಾಕಿ, “ಹಾಗಾದ್ರೆ ಕೂತ್ಕೊಂಡು ಕೇಳು,” ಎಂದಳು.