ಹೆಜ್ಜಾರ್ಲೆಯ ಸಮಪಾಲು

ಕೆರೆಯ ಹಕ್ಕಿಗಳು ತಮ್ಮ ಪಾಡಿಗೆ ತಾವು ಮೀನು ಹಿಡಿಯುವುದು ಹೆಜ್ಜಾರ್ಲೆಗೆ ಶುದ್ಧ ಅವ್ಯವಸ್ಥೆಯಾಗಿ ಕಂಡಿತು. ತನ್ನ ಕೊಕ್ಕಿನ ಕೆಳಗೆ ಅಷ್ಟು ದೊಡ್ಡ ಚೀಲ ಇರುವುದೇ ಕೆರೆಯ ಮೀನನ್ನೆಲ್ಲ ಒಂದೆಡೆ ಸೇರಿಸಿ ಹಂಚುವುದಕ್ಕೆ ಎಂದು ಅದು ಪ್ರಾಮಾಣಿಕವಾಗಿ ನಂಬಿತ್ತು.

ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆಯನ್ನು ಅದು ಕೇಳಿತು: "ಬೆಳಗಿನಿಂದ ನೋಡುತ್ತಿದ್ದೇನೆ, ಏನು ಮಾಡುತ್ತಿದ್ದೀಯ?"

"ಕಾಯುತ್ತಿದ್ದೇನೆ, ಸ್ವಾಮಿ."

"ಅದಕ್ಕೆ ಸೋಮಾರಿತನ ಎನ್ನುತ್ತಾರೆ. ನಾಳೆಯಿಂದ ಎಲ್ಲರೂ ಸಾಲಾಗಿ ನಡೆದು, ನಾನು ಕೂಗಿದಾಗ ಒಟ್ಟಿಗೆ ಕೊಕ್ಕು ಹಾಕಬೇಕು. ಸಿಕ್ಕಿದ್ದೆಲ್ಲ ನನ್ನ ಚೀಲಕ್ಕೆ. ಚೀಲದಿಂದ ಎಲ್ಲರಿಗೂ ಸಮಪಾಲು."

ಮರುದಿನ ಹಕ್ಕಿಗಳು ಸಾಲಾಗಿ ನಡೆದವು. ನೀರು ಕದಡಿತು, ಮೀನುಗಳು ದಿಕ್ಕಾಪಾಲಾದವು. ಎಲ್ಲರಿಗೂ ಸಮಪಾಲು ಕೆಸರು ಸಿಕ್ಕಿತು. ಹಂಚಿಕೆಯಲ್ಲಿ ಚೂರೂ ಮೋಸವಾಗಲಿಲ್ಲ ಎಂದು ಹೆಜ್ಜಾರ್ಲೆ ಹೆಮ್ಮೆಪಟ್ಟಿತು. ಆದರೆ ಗೂಡಿನಲ್ಲಿ ಅದರ ಮರಿಗಳು ಹಸಿವಿನಿಂದ ಅರಚುತ್ತಿದ್ದವು.

ಸಂಜೆ ಅದು ಸದ್ದಿಲ್ಲದೆ ಜೊಂಡುಹುಲ್ಲಿನ ಮರೆಗೆ ಹೋಯಿತು. ಅಲ್ಲಿ ಕೊಕ್ಕರೆ ಕದ್ದುಮುಚ್ಚಿ ಒಂಟಿಕಾಲಲ್ಲಿ ನಿಂತಿತ್ತು. ಪಕ್ಕದಲ್ಲಿ ಮೀನಿನ ರಾಶಿ ಬಿದ್ದಿತ್ತು.

"ತಪ್ಪಾಯಿತು ಸ್ವಾಮಿ, ಸುಮ್ಮನೆ ನಿಂತಿದ್ದೆ," ಎಂದಿತು ಕೊಕ್ಕರೆ.

"ಮರಿಗಳಿಗೆ ನಾಲ್ಕು ಮೀನು ಕೊಡು. ಯಾರಿಗೂ ಹೇಳುವುದಿಲ್ಲ."

ಕೊಕ್ಕರೆ ನಿಧಾನವಾಗಿ ಕಾಲು ಬದಲಿಸಿತು. "ನಿನ್ನೆಯಾಗಿದ್ದರೆ ಸುಮ್ಮನೆ ಕೊಡುತ್ತಿದ್ದೆ. ಈಗ ಮೀನಿಗೆ ಬರ ಬಂದಿದೆಯಲ್ಲ. ಬದಲಿಗೆ ತಾವು ಕೂರುವ ಆ ಎತ್ತರದ ಕೊಂಬೆ ನನಗಾಗಬೇಕು."

ಹೆಜ್ಜಾರ್ಲೆ ಒಪ್ಪಿಕೊಂಡಿತು. ಮೀನನ್ನು ಚೀಲಕ್ಕೆ ಹಾಕಿಕೊಳ್ಳುವ ಮುಂಚೆ ಸುತ್ತಮುತ್ತ ಒಮ್ಮೆ ನೋಡಿ, ಗತ್ತು ಬಿಡದೆ ಹೇಳಿತು:

"ನಾಳೆಯೂ ಇಲ್ಲೇ ಸೋಮಾರಿಯಾಗಿ ನಿಂತಿರು. ಇದು ನನ್ನ ಅಪ್ಪಣೆ."