ಮೊದಲ ಹಿಮದ ಮೂರು ಒಗಟು

"ಕೇಳಿರಪ್ಪೋ ಕೇಳಿರಿ! ಈ ವರ್ಷದ ಮೊದಲ ಹಿಮ ಯಾವಾಗ ಬೀಳುತ್ತದೆಂದು ಬಲ್ಲವರು ಅರಮನೆಗೆ ಬರತಕ್ಕದ್ದು. ದೊರೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿ ಊರಿನವರು ಬಾಗಿಲು ಹಾಕಿಕೊಂಡರು. ಉಗ್ರಪಾಲ ದೊರೆಯ ಸಿಟ್ಟು ಎಲ್ಲರಿಗೂ ಗೊತ್ತಿತ್ತು. ಅರಮನೆಯ ಕೊಂಬು ಊದಿದ ಮೇಲೆಯೇ ಕಣಿವೆಯ ಬಾಗಿಲು ತೆರೆದು, ಬೆಟ್ಟದ ಕುರಿಗಾರರು ಹಿಂಡಿನೊಂದಿಗೆ ಕೆಳಗಿಳಿಯಬೇಕು. ಹೋದ ವರ್ಷ ಕೊಂಬು ಊದಿ ತಿಂಗಳಾದರೂ ಹಿಮ ಬೀಳಲಿಲ್ಲ. ಇಳಿದ ಕುರಿಗಳು ದೊರೆಯ ಗೋಧಿಯನ್ನೆಲ್ಲ ಮೇದವು, ನೆರೆರಾಜ್ಯದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂದಿನಿಂದ ದೊರೆಗೆ ಕುರಿಗಾರರೆಂದರೆ ಮೈಯೆಲ್ಲ ಉರಿ.

ಡಂಗುರದ ದಿನ ಮಾಳಿಂಗನೆಂಬ ಕುರಿಗಾರ ಉಪ್ಪು ಒಯ್ಯಲು ಇಳಿದಿದ್ದ. ಕೊಂಬು ಊದುವ ಮೊದಲು ಉಪ್ಪಿಗೆ ಬರುವ ಒಬ್ಬನನ್ನು ಮಾತ್ರ ಕಾವಲಿನವರು ಬಿಡುತ್ತಿದ್ದರು. ಮೇಲೆ ನಲವತ್ತು ಮನೆಯವರಿದ್ದರು. ಅವನ ಹೆಂಡತಿ ಸಿದ್ದವ್ವ ಹದಿನೈದು ದಿನದ ಬಾಣಂತಿ. ಬೀಸುತ್ತಿದ್ದ ಗಾಳಿ ಮಾಳಿಂಗನಿಗೆ ಸರಿಕಾಣಲಿಲ್ಲ. ಬಾಗಿಲು ತೆರೆಯದಿದ್ದರೆ ಅಷ್ಟೂ ಜನ ಹಿಮದಡಿ ಹೂತುಹೋಗುವುದು ಖಂಡಿತ. ಉಪ್ಪಿನ ಚೀಲ ಅಲ್ಲೇ ಬಿಟ್ಟು ಅರಮನೆಗೆ ನಡೆದ.

ಅಲ್ಲಿ ಕೇಳಿದ್ದು ಸಿಗುವ ಆಸೆಗೆ ಇಬ್ಬರು ಆಗಲೇ ನಿಂತಿದ್ದರು, ಸೇನಾಪತಿಯ ಮಗ ಮತ್ತು ಆಸ್ಥಾನದ ಜೋಯಿಸ.

"ಕುರಿ ನಾತ ಎಲ್ಲಿಂದ ಬಂತು?" ಎಂದು ಜೋಯಿಸ ಮೂಗು ಮುಚ್ಚಿಕೊಂಡ. ಸಭೆ ನಕ್ಕಿತು.

ದೊರೆ ನಗಲಿಲ್ಲ. "ಒಬ್ಬನಿದ್ದಾನೆ. ನನ್ನ ಅಪ್ಪಣೆಯಿಲ್ಲದೆ ರಾಜ್ಯಕ್ಕೆ ಬರುತ್ತಾನೆ. ಅವನ ಹೆಜ್ಜೆ ಸದ್ದು ಯಾರಿಗೂ ಕೇಳಿಸದು. ಬಂದ ಮೇಲೆ ಊರಿನವರೆಲ್ಲರ ಹೆಜ್ಜೆ ತೋರಿಸಿಕೊಡುತ್ತಾನೆ. ಯಾರವನು?"

"ಗೂಢಚಾರ!" ಎಂದ ಸೇನಾಪತಿಯ ಮಗ. ಕಟುಕರು ಅವನನ್ನು ಎಳೆದೊಯ್ದರು.

"ಹಿಮ ರೀ ದೊರಿ," ಎಂದ ಮಾಳಿಂಗ. "ಬರೂವಾಗ ಸಪ್ಪಳಿಲ್ಲ. ಬಿದ್ದ ಮ್ಯಾಲ ತ್ವಾಳನ ಹೆಜ್ಜಿನೂ ಮುಚ್ಚಿಡಂಗಿಲ್ಲ, ಕಳ್ಳನ ಹೆಜ್ಜಿನೂ ಮುಚ್ಚಿಡಂಗಿಲ್ಲ."

"ನಾನೂ ಅದನ್ನೇ ಹೇಳುವವನಿದ್ದೆ," ಎಂದ ಜೋಯಿಸ.

"ಹಾಗಾದರೆ ಮುಂದಿನದನ್ನು ನೀನೇ ಮೊದಲು ಹೇಳು. ಅವನಿಗೊಬ್ಬ ಗೆಳತಿ. ಅವಳು ಬಂದಾಗ ಕೊರೆಯುವ ಚಳಿ ತುಸು ಸಡಿಲಾಗುತ್ತದೆ, ನಾವು ಹಾಯೆನ್ನುತ್ತೇವೆ. ಅಷ್ಟರಲ್ಲಿ ಅವನನ್ನು ಒಳಗೆ ಬಿಟ್ಟುಬಿಡುತ್ತಾಳೆ. ಯಾರವಳು?"

ಜೋಯಿಸ ಬೆರಳು ಮಡಚಿ ಎಣಿಸಿದ. "ಬಿಸಿಲು, ಪ್ರಭು."

ಅವನನ್ನೂ ಎಳೆದೊಯ್ದರು. ಈಗ ಸಭೆಯಲ್ಲಿ ಒಬ್ಬರೂ ನಗಲಿಲ್ಲ.

"ಮೋಡ ರೀ," ಎಂದ ಮಾಳಿಂಗ. "ಚುಕ್ಕಿ ಕಾಣೂ ರಾತ್ರಿ ಚಳಿ ಜೋರು, ಹಿಮ ಇಲ್ಲ. ಮೋಡ ಗುಡ್ಡಕ್ಕ ಕಂಬಳಿ ಹೊಚ್ಚಿದಾಗ ಮೈ ಬೆಚ್ಚಗಾಗತೈತಿ. ಆವಾಗ ನಾವು ಗಂಟು ಕಟ್ಟಬೇಕು."

ದೊರೆಯ ಹುಬ್ಬು ಗಂಟಿಕ್ಕಿತು. ಕುರಿಗಾರನೊಬ್ಬ ಗೆಲ್ಲುವುದು ಅವನಿಗೆ ಸುತರಾಂ ಬೇಕಿರಲಿಲ್ಲ. "ಕೊನೆಯದು. ಅವನು ನನ್ನ ರಾಜ್ಯದಲ್ಲಿ ಮೊದಲ ಹೆಜ್ಜೆ ಇಡುವುದು ಯಾವಾಗ?"

"ಇವತ್ತ ಮೋಡ ಗುಡ್ಡ ಹೊಚ್ಚೇತಿ. ನಾಳೆ ಹೊತ್ತು ಮುಳುಗೂದ್ರೊಳಗ. ಈಗಲೇ ಕೊಂಬು ಊದಸ್ರಿ. ನನ್ನ ತಲಿ ಇಲ್ಲೇ ಇರತೈತಿ."

ತಪ್ಪಿದರೆ ಕುರಿಗಾರನ ತಲೆ ಸಿಗುತ್ತದೆಂದು ದೊರೆ ಕೊಂಬು ಊದಿಸಿದ. ಮಾಳಿಂಗನ ಕೈಗೆ ಹಗ್ಗ ಬಿತ್ತು.

ಮರುದಿನ ಸಂಜೆಯಾದರೂ ಅರಮನೆಯ ಅಂಗಳ ಒಣಗಿಯೇ ಇತ್ತು. ದೊರೆ ಹಲ್ಲು ಕಿರಿದು ಕಟುಕನಿಗೆ ಸನ್ನೆ ಮಾಡಿದ. ಮಾಳಿಂಗನ ಕುತ್ತಿಗೆ ಬಗ್ಗಿಸಿದರು. ಅಷ್ಟರಲ್ಲಿ ಹೆಬ್ಬಾಗಿಲಲ್ಲಿ ಕುರಿಗಳ ಅರಚಾಟ ಎದ್ದಿತು. ನಲವತ್ತು ಮನೆಯವರೂ ಒಳಗೆ ನುಗ್ಗಿದರು. ಮುಂದೆ ಸಿದ್ದವ್ವ, ಸೆರಗಿನೊಳಗೆ ಕೂಸು.

ಅವಳು ಹೊದ್ದ ಕಂಬಳಿ ಬಿಚ್ಚಿ ದೊರೆಯ ಕಾಲ ಮುಂದೆಯೇ ಕೊಡವಿದಳು. ಬೊಗಸೆ ಬೊಗಸೆ ಹಿಮ ಉದುರಿತು.

"ಗಂಟು ಕಟ್ಟಿ ಹೊರಡೂವಾಗ ಮಧ್ಯಾಹ್ನ ಬಿತ್ತು, ಮೊಣಕಾಲುಮಟ," ಎಂದಳು. "ಕೊಂಬು ಕೇಳದಿದ್ರ ನನ್ನ ಕೂಸು ಅಲ್ಲೇ ಮಣ್ಣಾಗತಿತ್ತು."

"ನನ್ನ ಅಂಗಳದಲ್ಲಿ ಬಿದ್ದಿಲ್ಲ!" ದೊರೆ ಗುಡುಗಿದ.

ಮಾಳಿಂಗ ಬಗ್ಗಿದಲ್ಲಿಂದಲೇ ಹೇಳಿದ: "ರಾಜ್ಯದಾಗ ಅಂತ ಕೇಳಿದ್ರಿ. ಹಿಮ ಮೊದಲು ಬೀಳೂದು ಎಲ್ಲಾರಕಿಂತ ಮ್ಯಾಲಿರೋ ಮನಿ ಮ್ಯಾಲ. ಆ ಗುಡ್ಡ ನಿಮ್ಮ ರಾಜ್ಯ ಅಲ್ಲೇನ್ರಿ?"

ಅಲ್ಲ ಎಂದರೆ ಬೆಟ್ಟ ಕೈಬಿಟ್ಟಂತೆ. ತಮಾಷೆ ನೋಡಲು ಬಂದ ನೆರೆರಾಜ್ಯದ ದೂತರು ಅಲ್ಲೇ ಕಿವಿ ನಿಮಿರಿಸಿ ನಿಂತಿದ್ದರು. ದೊರೆ ಹಲ್ಲು ಕಡಿಯುತ್ತ ಹಗ್ಗ ಬಿಚ್ಚಿಸಿದ.

"ಏನು ಬೇಕು, ಬೊಗಳು."

"ಕೊಂಬು ಕೊಡ್ರಿ. ಇನ್ನ ಇಳಿಯೂ ದಿನ ನಾವೇ ನೋಡ್ಕೋತೀವಿ."

ದೊರೆ ಅದನ್ನು ಕೈಗೆ ಕೊಡಲಿಲ್ಲ, ನೆಲಕ್ಕೆಸೆದ. ಮಾಳಿಂಗ ಎತ್ತಿ, ಧೂಳೊರೆಸಿ, ಸಿದ್ದವ್ವನ ಹೆಗಲಿಗೆ ಹಾಕಿದ. ಆಮೇಲೆ ಆ ಬೆಟ್ಟದಲ್ಲಿ ಒಬ್ಬರೂ ಅಪ್ಪಣೆಗಾಗಿ ಕಾದು ಸಾಯಲಿಲ್ಲ. ಅವರು ಅಲ್ಲಿ ಬೆಚ್ಚಗಿದ್ದಾರೆ, ನಾವು ಇಲ್ಲಿ.